ಜಲಜನಕದ ನೆರಳು

ದೇಶವು ಸ್ವಾತಂತ್ರ್ಯವನ್ನು ಪಡೆದ 1947ನೆಯ ಇಸವಿಯಲ್ಲಿ, ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ, ಬ್ರಹ್ಮಗಿರಿಯ ಬುಡದ ಕಲ್ಲುನೆಲವನ್ನು ಮಾರ್ಟಿಮರ್ ವೀಲರ್‌ರವರು ಅಗೆಸಿ, ಒಂದರ ಮೇಲೊಂದು ಕುಳಿತಿದ್ದ ಮಣ್ಣಿನ ಪದರಗಳನ್ನು ಎಚ್ಚರಿಕೆಯಿಂದ ಬಿಡಿಸಿ, ಅಡಿಯಲ್ಲಿ ನುಣುಪುಗೊಳಿಸಿದ ಕಲ್ಲುಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾಗೋರಿಗಳ ಜನ, ಅವರ ಮೇಲೆ ಆಂಧ್ರರ ಕಾಲದ ಜನ ಎಂದು ಮೂರು ಬಾಳುವೆಗಳ ಅನುಕ್ರಮವನ್ನು ನಿರ್ಣಯಿಸಿದರು. ಅದಕ್ಕೂ ಐವತ್ತೈದು ವರ್ಷಗಳ ಹಿಂದೆ, 1892ರಲ್ಲಿ, ಬಿ. ಎಲ್. ರೈಸ್‌ರವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದಿದ್ದರು. ಇಸಿಲವೆಂಬ ಊರಿನ ಮಹಾಮಾತ್ರರನ್ನು ಸಂಬೋಧಿಸಿದ ಆ ಬರಹವನ್ನು ಕೊರೆದ ಚಪಡನೆಂಬಾತನು ತಾನು ಲಿಪಿಕಾರನೆಂಬುದನ್ನು ವಾಯವ್ಯ ದೇಶದ ಖರೋಷ್ಠಿ ಅಕ್ಷರಗಳಲ್ಲಿ ಬರೆದು ಹೋಗಿರುವುದು, ಓದಬಲ್ಲವರು ಬರುವ ತನಕ ಬಂಡೆಯೇ ಕಾಪಾಡಿಕೊಂಡಿದ್ದ ಒಂದು ಸಣ್ಣ ಜಂಬವೆಂದು ನಮಗೆ ತೋರುತ್ತದೆ.

ಪುರಾತತ್ತ್ವಜ್ಞರು ಈ ನೆಲದ ಪದರಗಳನ್ನು ಎಣಿಸುತ್ತಿದ್ದ ಆ ದಶಕದಲ್ಲಿಯೇ, ಇದೇ ನೆಲದ ಮೇಲೆ ರಾತ್ರಿ ಹರಡುವ ಆಕಾಶಗಂಗೆಯ ಪದರಗಳನ್ನು ಬಿಡಿಸುವ ಉಪಾಯವೊಂದು ದೂರದ ದೇಶಗಳಲ್ಲಿ ರೂಪುಗೊಳ್ಳುತ್ತಿತ್ತು. ಈ ನೆಲದ ಚಳ್ಳಕೆರೆ ಮೊಳಕಾಲ್ಮೂರುಗಳು ರಾಜ್ಯದಲ್ಲೇ ಅತ್ಯಂತ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿಗೆ ಸೇರಿದವು. ಶೇಂಗಾ ಬೆಳೆಯುವ ಕೆಂಪು ಹೊಲ, ಆ ಶೇಂಗಾ ಅರೆಯುವ ಎಣ್ಣೆ ಗಿರಣಿ, ಕುರಿಯ ಉಣ್ಣೆಯ ಕಂಬಳಿ, ಮೊಳಕಾಲ್ಮೂರಿನ ರೇಷ್ಮೆಯ ಸೀರೆ, ಇವುಗಳಾಚೆ ಕಣ್ಣು ಹಾಯುವವರೆಗೂ ಹುಲ್ಲಿನ ಕಾವಲು. ಮ್ಯಾಸನಾಯಕರೂ ಕಾಡುಗೊಲ್ಲರೂ ದೇವರ ಎತ್ತುಗಳೊಡನೆ ರಾತ್ರಿ ಕಳೆಯುತ್ತ ಬಂದ ಈ ಬಯಲಿನಿಂದ ನೋಡಿದರೆ, ವೃಶ್ಚಿಕ ಧನುಸ್ಸುಗಳ ಕಡೆ ಆಕಾಶಗಂಗೆ ಅತ್ಯಂತ ದಟ್ಟವಾಗಿರುವ ಸ್ಥಳದಲ್ಲೇ ಕಪ್ಪನೆಯ ಒಂದು ಸೀಳು ಅದನ್ನು ಉದ್ದಕ್ಕೂ ಒಡೆದಂತೆ ಕಾಣುವುದು. ಆ ಸೀಳು ನಕ್ಷತ್ರಗಳಿಲ್ಲದ ಜಾಗವಲ್ಲ, ಅದರ ಹಿಂದಿನ ನಕ್ಷತ್ರಗಳನ್ನು ಮರೆಮಾಡಿದ ಧೂಳು. ಆಕಾಶಗಂಗೆಯ ಕೇಂದ್ರವು ಸುಮಾರು 26,000 ಜ್ಯೋತಿರ್ವರ್ಷಗಳ ದೂರದಲ್ಲಿ ಆ ಧೂಳಿನ ಹಿಂದೆಯೇ ಅಡಗಿದೆ. ಎಷ್ಟೇ ದೊಡ್ಡ ಕನ್ನಡಿಯ ದೂರದರ್ಶಕವನ್ನು ಹೂಡಿದರೂ ಕಣ್ಣಿನ ಬೆಳಕಿಗೆ ಆ ತೆರೆಯನ್ನು ದಾಟುವುದು ಸಾಧ್ಯವಿಲ್ಲ. ಆದುದರಿಂದ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಮನುಷ್ಯನು ತಾನು ವಾಸಿಸುವ ನಕ್ಷತ್ರಸಮೂಹದ ಆಕಾರವನ್ನು, ಕಿಟಕಿಯಿಲ್ಲದ ಕೋಣೆಯಲ್ಲಿ ಕುಳಿತು ಮನೆಯ ವಿಸ್ತಾರವನ್ನು ಊಹಿಸುವವನಂತೆ, ಊಹಿಸುತ್ತಿದ್ದನು.

ಜರ್ಮನರ ಸೇನೆ ಹಾಲೆಂಡನ್ನು ಆಕ್ರಮಿಸಿದ್ದ ದಿನಗಳಲ್ಲಿ, 1944ರ ಏಪ್ರಿಲ್ ತಿಂಗಳಲ್ಲಿ, ಲೈಡನ್ ವೀಕ್ಷಣಾಲಯದ ಒಂದು ಗೋಷ್ಠಿಯಲ್ಲಿ ಹೆಂಡ್ರಿಕ್ ವಾನ್ ಡೆ ಹುಲ್ಸ್ಟ್ ಎಂಬ ತರುಣ ವಿದ್ಯಾರ್ಥಿಯು, ಆಚಾರ್ಯ ಯಾನ್ ಓರ್ಟ್‌ರವರ ಪ್ರೇರಣೆಯಿಂದ ಕೈಗೊಂಡ ಒಂದು ಗಣನೆಯನ್ನು ಸಭೆಯ ಮುಂದಿಟ್ಟನು. ನಕ್ಷತ್ರಗಳ ನಡುವಣ ವಸ್ತುವಿನಲ್ಲಿ ಬಹುಭಾಗ ಜಲಜನಕ. ತಣ್ಣಗಿನ ಜಲಜನಕವು ಬೆಳಕು ಬೀರುವುದಿಲ್ಲ. ಆದರೆ ಅದರ ಪರಮಾಣುವಿನಲ್ಲಿರುವ ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳೆರಡರ ಭ್ರಮಣಗಳು ಒಂದೇ ದಿಕ್ಕಿಗಿದ್ದಾಗ ಪರಮಾಣುವಿನ ಚೈತನ್ಯ ಒಂದು ಕೂದಲೆಳೆಯಷ್ಟು ಹೆಚ್ಚಾಗಿಯೂ, ಎದುರುಬದುರಾಗಿದ್ದಾಗ ಅಷ್ಟೇ ಕಡಿಮೆಯಾಗಿಯೂ ಇರುವುದರಿಂದ, ಮೊದಲಿನ ಸ್ಥಿತಿಯಿಂದ ಎರಡನೆಯದಕ್ಕೆ ಮಗುಚಿದಾಗ ಸುಮಾರು 21 ಸೆಂಟಿಮೀಟರ್ ತರಂಗಾಂತರದ ರೇಡಿಯೋ ಅಲೆಯೊಂದು ಹೊರಡಬೇಕು ಎಂಬುದು ಆ ಗಣನೆಯ ಫಲ. ಒಂಟಿ ಪರಮಾಣುವೊಂದು ಹಾಗೆ ತಾನಾಗಿ ಮಗುಚಲು ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಗುವುದರಿಂದ, ಪ್ರಯೋಗಶಾಲೆಯ ಸೀಸೆಯಲ್ಲಿ ಹಾಗೆ ತಾನಾಗಿ ಹೊರಡುವ ಅಲೆಯನ್ನು ಆಲಿಸುವ ಆಸೆ ವ್ಯರ್ಥ. ಆಕಾಶಗಂಗೆಯಲ್ಲಾದರೋ ಪರಮಾಣುಗಳಿಗೆ ಬರವಿಲ್ಲ. ಧೂಳಿನ ಕಣಕ್ಕಿಂತ ಈ ಅಲೆ ಎಷ್ಟೋ ಪಟ್ಟು ಉದ್ದವಾದುದರಿಂದ ಕಪ್ಪು ಸೀಳಿನೊಳಗಿಂದಲೂ ಅದು ತಡೆಯಿಲ್ಲದೆ ಹಾದುಬರುತ್ತದೆ.

ಊಹೆಯು ನಿಜವಾದುದು ಯುದ್ಧ ಮುಗಿದು ಆರು ವರ್ಷಗಳಾದ ಮೇಲೆ, ಹಾರ್ವರ್ಡಿನಲ್ಲಿ. ಹೆರಾಲ್ಡ್ ಯುವನ್ ಎಂಬ ಸಂಶೋಧನ ವಿದ್ಯಾರ್ಥಿ, ಎಡ್ವರ್ಡ್ ಪರ್ಸೆಲ್‌ರವರ ಮಾರ್ಗದರ್ಶನದಲ್ಲಿ, ಐನೂರು ಡಾಲರಿನ ಅನುದಾನದಲ್ಲಿ ಮರದ ಹಲಗೆಗೆ ತಾಮ್ರದ ತಗಡನ್ನು ಹೊದಿಸಿ ಗೋಪುರಾಕಾರದ ಒಂದು ಕಹಳೆಯನ್ನು ಮಾಡಿ, ಪ್ರಯೋಗಶಾಲೆಯ ಕಿಟಕಿಯಿಂದ ಅದರ ಅಗಲವಾದ ಬಾಯನ್ನು ಆಕಾಶಕ್ಕೆ ತೆರೆದಿಟ್ಟನು. ಮಳೆ ಬಂದಾಗ ಕಹಳೆ ನೀರನ್ನು ಹಿಡಿದು ನೇರವಾಗಿ ಕೋಣೆಯೊಳಕ್ಕೆ ಸುರಿಸುತ್ತಿತ್ತು. ಹಿಮ ಬಿದ್ದಾಗ ಕೆಳಗೆ ಓಡಾಡುವ ಹುಡುಗರಿಗೆ ಅದರ ಬಾಯಿ ಹಿಮದುಂಡೆ ಎಸೆಯುವ ಗುರಿಯಾಗಿತ್ತು. ಈ ಉಪದ್ರವಗಳ ನಡುವೆ 1951ನೆಯ ಮಾರ್ಚಿ 25ರಂದು, ಗ್ರಾಹಕವನ್ನು 1420 ಮೆಗಾಹರ್ಟ್ಸ್‌ನ ಸುತ್ತ ಹಿಂದು ಮುಂದಾಗಿ ತಿರುಗಿಸುತ್ತಿದ್ದಾಗ, ಆಕಾಶಗಂಗೆಯ ಜಲಜನಕದ ಗೆರೆ ಲೇಖನಿಯ ಕೆಳಗೆ ಉಬ್ಬಿ ನಿಂತಿತು. ಹಾಲೆಂಡಿನವರ ಗ್ರಾಹಕ ಹಿಂದಿನ ವರ್ಷ ಬೆಂಕಿಗೆ ಆಹುತಿಯಾಗದೆ ಇದ್ದಿದ್ದರೆ ಕೀರ್ತಿ ಲೈಡನ್ನಿಗೇ ಸಲ್ಲುತ್ತಿತ್ತೇನೋ. ಆದರೂ ಯುವನ್ ತನ್ನ ಉಪಾಯವನ್ನು ಮುಚ್ಚಿಡದೆ ತಿಳಿಸಿದುದರಿಂದ ಮುಲ್ಲರ್ ಮತ್ತು ಓರ್ಟ್‌ರು, ಜರ್ಮನರು ಬಿಟ್ಟುಹೋಗಿದ್ದ ರೇಡಾರ್ ತಟ್ಟೆಯೊಂದನ್ನು ಆಕಾಶಕ್ಕೆ ತಿರುಗಿಸಿ, ಮೇ 11ರಂದು ಅದೇ ಗೆರೆಯನ್ನು ಕಂಡರು. ಸಿಡ್ನಿಯಲ್ಲಿ ಕ್ರಿಸ್ಟಿಯನ್‌ಸೆನ್ ಮತ್ತು ಹಿಂಡ್‌ಮನ್‌ರು ಕೆಲವೇ ವಾರಗಳಲ್ಲಿ ಅದನ್ನು ದೃಢಪಡಿಸಿದರು. ಮೂರು ಖಂಡಗಳ ಜನ ಒಂದೇ ಸಂಶೋಧನೆಯನ್ನು ಒಟ್ಟಿಗೆ, ಜಗಳವಿಲ್ಲದೆ ಪ್ರಕಟಿಸಿದ ಉದಾಹರಣೆ ವಿಜ್ಞಾನದ ಚರಿತ್ರೆಯಲ್ಲಿ ಬಹಳವಿಲ್ಲ.

ಇಷ್ಟಾದ ಮೇಲೆ ನಕ್ಷೆಯನ್ನು ಬರೆಯುವುದು ತಾಳ್ಮೆಯ ಕೆಲಸ. ಮೋಡವೊಂದು ನಮ್ಮ ಕಡೆಗೆ ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದರೆ ಗೆರೆಯು ಸುಮಾರು 4.7 ಕಿಲೋಹರ್ಟ್ಸ್‌ನಷ್ಟು ಮೇಲಕ್ಕೂ, ದೂರ ಸರಿಯುತ್ತಿದ್ದರೆ ಅಷ್ಟೇ ಕೆಳಕ್ಕೂ ಜರುಗುವುದು; ಆಕಾಶಗಂಗೆಯ ಬೇರೆ ಬೇರೆ ವಲಯಗಳು ಕೇಂದ್ರವನ್ನು ಬೇರೆ ಬೇರೆ ಕಾಲಾವಧಿಯಲ್ಲಿ ಸುತ್ತುತ್ತವೆಯಾದುದರಿಂದ, ಜರುಗಿದ ಪ್ರಮಾಣದಿಂದ ಮೋಡದ ದೂರವನ್ನು ತರ್ಕಿಸಬಹುದು. ಉತ್ತರದ ಆಕಾಶವನ್ನು ಹಾಲೆಂಡಿನವರೂ, ದಕ್ಷಿಣದ ಆಕಾಶವನ್ನು ಆಸ್ಟ್ರೇಲಿಯದವರೂ ಅಳೆದು, 1958ರಲ್ಲಿ ಓರ್ಟ್, ಕೆರ್, ವೆಸ್ಟರ್‌ಹೌಟ್ ಮೂವರೂ ಎರಡು ಅರ್ಧಗಳನ್ನು ಜೋಡಿಸಿ ಪ್ರಕಟಿಸಿದ ಚಿತ್ರದಲ್ಲಿ ಸುರುಳಿಬಾಹುಗಳುಳ್ಳ ಆಕಾಶಗಂಗೆ ಮೊದಲ ಬಾರಿಗೆ ಮನುಷ್ಯನ ಕಣ್ಣಿಗೆ ಮೇಲಿನಿಂದ ನೋಡಿದಂತೆ ಕಂಡಿತು. ಕೇಂದ್ರದ ದಿಕ್ಕಿನಲ್ಲಿಯೂ ಅದರ ವಿರುದ್ಧ ದಿಕ್ಕಿನಲ್ಲಿಯೂ ಮೋಡಗಳು ನಮ್ಮ ದೃಷ್ಟಿಗೆ ಅಡ್ಡಲಾಗಿ ಚಲಿಸುವುದರಿಂದ ಅಲ್ಲಿ ದೂರ ತಿಳಿಯುವ ಬಗೆಯಿಲ್ಲ. ಆದುದರಿಂದ ಆ ಎರಡು ತುಂಡುಗಳನ್ನು ಖಾಲಿ ಬಿಡಬೇಕಾಯಿತು. ಮುಂದಿನವರು, ಅನಿಲದ ಅಂಕುಡೊಂಕಾದ ಚಲನೆಯೂ ಇಲ್ಲದ ಬಾಹುವನ್ನು ಇರುವಂತೆ ತೋರಿಸಬಲ್ಲುದೆಂದು ಕಂಡುಕೊಂಡು, ಆ ನಕ್ಷೆಯ ಎಷ್ಟೋ ಗೆರೆಗಳನ್ನು ಅಳಿಸಿ ಬರೆದರು. ಬ್ರಹ್ಮಗಿರಿಯಲ್ಲಿ ವೀಲರ್‌ರವರು ಕಟ್ಟಿದ ಕಾಲಗಣನೆಗೂ ಇದೇ ಗತಿಯಾಯಿತು. ಪದರಗಳ ಅನುಕ್ರಮ ನಿಂತಿತು, ವರ್ಷಗಳು ಹಿಂದಕ್ಕೆ ಜರುಗಿದವು. ಮೊದಲ ನಕ್ಷೆಗಾರನಿಗೆ ಅವನ ತಪ್ಪುಗಳಿಗಿಂತ ಅವನ ಕ್ರಮಕ್ಕಾಗಿ ನಾವು ಋಣಿಗಳು.

ಈ ನಕ್ಷೆ ದೇಶದ ನಕ್ಷೆಯೆಂಬಂತೆಯೇ ಕಾಲದ ನಕ್ಷೆಯೂ ಹೌದು. ಮೃಗಶಿರದ ಕೆಳಗಿನ ಒರಾಯನ್ ನೀಹಾರಿಕೆಯ ಸುತ್ತಲ ಜಲಜನಕದಿಂದ ಇಂದು ನಮಗೆ ತಲಪುವ ಅಲೆ, ಬಾದಾಮಿಯ ಚಾಲುಕ್ಯರು ಈ ಸೀಮೆಯನ್ನು ಆಳುತ್ತಿದ್ದಾಗ ಹೊರಟದ್ದು. ಚಪಡನು ಜಟಿಂಗ ರಾಮೇಶ್ವರದ ಬಂಡೆಗೆ ಉಳಿ ಹಿಡಿದ ದಿನ ಹೊರಟ ಅಲೆಗಳಾದರೋ ನಾವಿರುವ ಬಾಹುವಿನೊಳಗಿನ ಮೋಡಗಳಿಂದಲೇ ಈಗ ಬರುತ್ತಿವೆ. ಅಶೋಕನ ಕಾಲವಷ್ಟು ಹಳೆಯದಾದರೂ ಆಕಾಶಗಂಗೆಯ ಅಳತೆಯಲ್ಲಿ ಅದು ನೆರೆಮನೆ.

ನಕ್ಷೆ ಬರೆದವರು ಇಲ್ಲಿಯವರೆಗೆ ಜಲಜನಕ ಬೀರುವ ಅಲೆಯನ್ನೇ ಹಿಡಿದವರು. ಅದರ ನೆರಳನ್ನು ಹಿಡಿದವರ ಕಥೆ ಬೇರೆ. ಕನ್ನಡನಾಡು ಈ ಚರಿತ್ರೆಯನ್ನು ಪ್ರವೇಶಿಸುವುದು ಮುಖ್ಯವಾಗಿ ಆ ಬಾಗಿಲಿನಿಂದ.

ಸರ್ ಸಿ. ವಿ. ರಾಮನ್‌ರವರ ಮಗನಾಗಿ 1929ರಲ್ಲಿ ಹುಟ್ಟಿದ ವಿ. ರಾಧಾಕೃಷ್ಣನ್‌ರವರು ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸ್ವಲ್ಪಕಾಲ ಕೆಲಸ ಮಾಡಿ, 1955ರಲ್ಲಿ ಸ್ವೀಡನ್ನಿಗೆ ಹೋಗಿ, ಅಲ್ಲಿನ ಚಾಲ್ಮರ್ಸ್ ಸಂಸ್ಥೆಯಲ್ಲಿ ಜಲಜನಕದ ಗೆರೆಯನ್ನು ಅಳೆಯುವ ಗ್ರಾಹಕದ ನಿರ್ಮಾಣದಲ್ಲಿ ಕೈಪಳಗಿಸಿಕೊಂಡರು. ಪಿಎಚ್‌.ಡಿ. ಪದವಿಯನ್ನು ಅವರು ಎಂದೂ ಗಳಿಸಲಿಲ್ಲ. ಹಾಯಿದೋಣಿಗಳನ್ನೂ ಹಗುರವಾದ ವಿಮಾನಗಳನ್ನೂ ತಾವೇ ರೂಪಿಸುತ್ತಿದ್ದ ಆ ಕೈಗೆ ಪದವಿಗಿಂತ ಬೆಸುಗೆಯ ಕಡ್ಡಿ ಹೆಚ್ಚು ಪ್ರಿಯವಾಗಿದ್ದಿರಬೇಕು. ಸ್ವೀಡನ್ನಿನಿಂದ ಕ್ಯಾಲಿಫೋರ್ನಿಯಕ್ಕೆ ಹೋದ ಮೇಲೆ, ಓವೆನ್ಸ್ ಕಣಿವೆಯಲ್ಲಿ 27 ಮೀಟರ್ ಅಗಲದ ಎರಡು ತಟ್ಟೆಗಳಿಂದ, ಬ್ಯಾರಿ ಕ್ಲಾರ್ಕ್ ಮತ್ತು ರಾಬರ್ಟ್ ವಿಲ್ಸನ್‌ರೊಡನೆ ಸೇರಿ, ಜಲಜನಕದ ಹೀರಿಕೆಯನ್ನು ಕುರಿತು ನಡೆಸಿದ ಪರಿಶೀಲನೆಯನ್ನು 1962ರಲ್ಲಿ ಪ್ರಕಟಿಸಿದರು. ಈ ವಿಲ್ಸನ್‌ರೇ ಮುಂದೆ ವಿಶ್ವದ ಹಿನ್ನೆಲೆಯ ವಿಕಿರಣವನ್ನು ಕಂಡುಹಿಡಿದು ನೊಬೆಲ್ ಪಾರಿತೋಷಕ ಪಡೆದವರು.

ಹೀರಿಕೆಯೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳತಕ್ಕದ್ದು. ಬಹುದೂರದ ಒಂದು ಪ್ರಬಲ ರೇಡಿಯೋ ಆಕರದ ಮುಂದೆ ಜಲಜನಕದ ಮೋಡ ಅಡ್ಡ ಬಂದರೆ, ಆ ಆಕರದ ಅಲೆಗಳ ಪೈಕಿ 21 ಸೆಂಟಿಮೀಟರಿನದನ್ನು ಮಾತ್ರ ಮೋಡವು ನುಂಗಿಬಿಡುತ್ತದೆ. ರೋಹಿತದಲ್ಲಿ ಉಬ್ಬಿನ ಬದಲು ತಗ್ಗು ಕಾಣುತ್ತದೆ. ಬಿಸಿಯಾದ ಜಲಜನಕ ಬಹಳ ಕಡಿಮೆ ನುಂಗುತ್ತದೆ, ತಣ್ಣಗಿರುವುದು ಹೆಚ್ಚಾಗಿ ನುಂಗುತ್ತದೆ. ಆದುದರಿಂದ ಉಬ್ಬು ಇಡೀ ಜಲಜನಕದ ಲೆಕ್ಕವನ್ನೂ, ತಗ್ಗು ತಣ್ಣಗಿರುವ ಜಲಜನಕದ ಲೆಕ್ಕವನ್ನೂ ಕೊಟ್ಟು, ಎರಡನ್ನೂ ತಾಳೆ ನೋಡಿದಾಗ ಮೋಡದ ಉಷ್ಣತೆ ದೊರೆಯುವುದು. ತೊಡಕು ಇರುವುದು ಇಲ್ಲಿ: ಒಂದೇ ತಟ್ಟೆಯಿಂದ ನೋಡಿದರೆ ಆಕರದ ಸುತ್ತ ಹರಡಿದ ಜಲಜನಕದ ಸ್ವಂತ ಉಬ್ಬು ತಗ್ಗಿನೊಳಕ್ಕೆ ಸೋರಿ ಅದನ್ನು ತುಂಬಿಬಿಡುವುದು. ಎರಡು ತಟ್ಟೆಗಳನ್ನು ದೂರ ದೂರ ಇರಿಸಿ ಅವುಗಳ ಅಲೆಗಳನ್ನು ಕೂಡಿಸಿದಾಗ, ಅಗಲವಾಗಿ ಹರಡಿದುದೆಲ್ಲ ತನ್ನಷ್ಟಕ್ಕೆ ರದ್ದಾಗಿ, ಬಿಂದುವಿನಂಥ ಆಕರವೂ ಅದರ ಮೇಲೆ ಬಿದ್ದ ನೆರಳೂ ಮಾತ್ರ ಉಳಿಯುತ್ತವೆ. ಮುಂದೆ ಆಸ್ಟ್ರೇಲಿಯದ ಪಾರ್ಕ್ಸ್‌ನಲ್ಲಿ 64 ಮೀಟರಿನ ದೊಡ್ಡ ತಟ್ಟೆಗೆ ಹಳಿಗಳ ಮೇಲೆ ಓಡಾಡುವ 18 ಮೀಟರಿನ ಚಿಕ್ಕ ತಟ್ಟೆಯನ್ನು ಜೊತೆಗೂಡಿಸಿ ರಾಧಾಕೃಷ್ಣನ್‌ರವರೂ ಅವರ ಸಹೋದ್ಯೋಗಿಗಳೂ ನಡೆಸಿದ ಹೀರಿಕೆಯ ಸಮೀಕ್ಷೆ 1972ರಲ್ಲಿ ಒಂದು ಲೇಖನಮಾಲೆಯಾಗಿ ಹೊರಬಂತು. ನಕ್ಷತ್ರಗಳ ನಡುವಣ ಜಲಜನಕ ಒಂದೇ ಹದದಲ್ಲಿ ಹರಡಿಲ್ಲ, ನೂರು ಕೆಲ್ವಿನ್ನಿನ ಆಸುಪಾಸಿನ ತಣ್ಣನೆಯ ಮೋಡಗಳು ಸಾವಿರಾರು ಕೆಲ್ವಿನ್ನಿನ ತೆಳುವಾದ ಅನಿಲದಲ್ಲಿ ಮುಳುಗಿವೆ ಎಂಬ ಇಂದಿನ ತಿಳಿವಳಿಕೆ ನೆಲೆಗೊಳ್ಳಲು ಇಂಥ ಸಮೀಕ್ಷೆಗಳೇ ಆಧಾರ. ನಮ್ಮ ಅಭಿಪ್ರಾಯದಲ್ಲಿ, ಅವರಿಗೆ ಹೆಚ್ಚು ಹೆಸರು ತಂದ, ಪಲ್ಸಾರ್ ಎಂಬ ಮಿಡಿಯುವ ತಾರೆಗಳ ಸಂಶೋಧನೆಗಿಂತ ಈ ಕೆಲಸದ ತೂಕ ಕಡಿಮೆಯಲ್ಲ. ಅದರಲ್ಲಿ ಕೌತುಕ ಕಡಿಮೆ, ಅಷ್ಟೆ.

1970ರ ನವೆಂಬರಿನಲ್ಲಿ ರಾಮನ್‌ರವರು ತೀರಿಕೊಂಡ ಮೇಲೆ, 1972ರಲ್ಲಿ ರಾಧಾಕೃಷ್ಣನ್‌ರವರು ಬೆಂಗಳೂರಿಗೆ ಹಿಂದಿರುಗಿ ರಾಮನ್ ಸಂಶೋಧನ ಮಂದಿರದ ನಿರ್ದೇಶಕರಾದರು. ಹರಳು ಮತ್ತು ಬೆಳಕುಗಳ ಅಭ್ಯಾಸಕ್ಕೆ ಮೀಸಲಾಗಿದ್ದ ಆವರಣದಲ್ಲಿ ರೇಡಿಯೋ ಖಗೋಲವಿಜ್ಞಾನ ಬೇರುಬಿಟ್ಟಿತು. ಅದರ ಮೊದಲ ದೊಡ್ಡ ಫಲಗಳಲ್ಲಿ ಒಂದು ಗೌರಿಬಿದನೂರಿನದು. ಭಾರತೀಯ ಖಭೌತ ಸಂಸ್ಥೆಯೊಡನೆ ಕೂಡಿ, ಸಿ. ಎಚ್. ವಿ. ಶಾಸ್ತ್ರಿಯವರ ಮುಂದಾಳುತನದಲ್ಲಿ, ಎಪ್ಪತ್ತರ ದಶಕದಲ್ಲಿ ಅಲ್ಲಿ ಕಟ್ಟಿದ ದೂರದರ್ಶಕಕ್ಕೆ ತಟ್ಟೆಯೂ ಇರಲಿಲ್ಲ, ಗೋಪುರವೂ ಇರಲಿಲ್ಲ. ಹೊಲಗಳ ನಡುವೆ ಪೂರ್ವಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರ್ ಉದ್ದಕ್ಕೂ, ಅದರ ನಡುವಿನಿಂದ ದಕ್ಷಿಣಕ್ಕೆ ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೂ ತಂತಿಯ ಆಂಟೆನಾಗಳು ಸಾಲುಗಟ್ಟಿ ನಿಂತಿದ್ದವು. ಪೂರ್ವಪಶ್ಚಿಮದ ತೋಳಿನಲ್ಲಿ 640, ದಕ್ಷಿಣದ ತೋಳಿನಲ್ಲಿ 360, ಒಟ್ಟು ಒಂದು ಸಾವಿರ. ಹಾದಿಹೋಕನಿಗೆ ಅದು ಬಳ್ಳಿ ಹಬ್ಬಿಸಲು ಕಟ್ಟಿ ಮರೆತುಬಿಟ್ಟ ಚಪ್ಪರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ತಂತಿಗಳು 34.5 ಮೆಗಾಹರ್ಟ್ಸ್‌ನಲ್ಲಿ, ಎಂದರೆ ಸುಮಾರು 8.7 ಮೀಟರ್ ಉದ್ದದ ಅಲೆಯಲ್ಲಿ, ಆಕಾಶವನ್ನು ಆಲಿಸುತ್ತಿದ್ದವು; ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್‌ರವರು ಇವುಗಳಿಂದ ಆಕಾಶದ ಬಹುಭಾಗವನ್ನು ಒಳಗೊಂಡ ನಕ್ಷೆಯೊಂದನ್ನು 1990ರಲ್ಲಿ ಪ್ರಕಟಿಸಿದರು.

ಅಷ್ಟು ಉದ್ದದ ಅಲೆಯಲ್ಲಿ ಆಕಾಶಗಂಗೆಯೇ ಒಂದು ಪ್ರಜ್ವಲಿಸುವ ಪಟ್ಟಿ. ಅದರಲ್ಲಿ ಕಾಂತಕ್ಷೇತ್ರದ ಸುತ್ತ ಸುಳಿಯುವ ವೇಗವಾದ ಎಲೆಕ್ಟ್ರಾನುಗಳ ಕಾಂತಿ ತುಂಬಿದೆ. ಆ ಕಾಂತಿಯ ಮುಂದೆ, ಹೊಸ ನಕ್ಷತ್ರಗಳ ನೇರಳಾತೀತ ಬೆಳಕಿನಿಂದ ಎಲೆಕ್ಟ್ರಾನನ್ನು ಕಳೆದುಕೊಂಡ ಜಲಜನಕದ ಪ್ರದೇಶಗಳು, ಕಣ್ಣಿಗೆ ಹೊಳೆಯುವ ನೀಹಾರಿಕೆಗಳೇ ಆಗಿದ್ದರೂ, ಇಲ್ಲಿ ಅಪಾರದರ್ಶಕವಾಗಿ ಮಂಕಾದ ಮಚ್ಚೆಗಳಂತೆ ಕಾಣಿಸಿಕೊಳ್ಳುತ್ತವೆ. ಅಂದರೆ ಗೌರಿಬಿದನೂರಿನಲ್ಲಿಯೂ ಜಲಜನಕವನ್ನು ಕಂಡದ್ದು ಅದರ ನೆರಳಿನಿಂದಲೇ. ಪಾರ್ಕ್ಸ್‌ನಲ್ಲಿ ಹಿಡಿದದ್ದು ತಣ್ಣಗಿನ ಜಲಜನಕದ ನೆರಳು, ಇಲ್ಲಿ ಹಿಡಿದದ್ದು ಕುದಿಯುವ ಜಲಜನಕದ್ದು.

ಕನ್ನಡನಾಡು ನೆರಳಿನ ಬಾಗಿಲಿನಿಂದ ಬಂದಿತೆಂಬ ಅಭಿಪ್ರಾಯಕ್ಕೆ ಅಪವಾದವೊಂದುಂಟು; ಅದನ್ನು ಮರೆಮಾಚುವುದು ನ್ಯಾಯವಲ್ಲ. ನೀಲಗಿರಿಯ ಉದಕಮಂಡಲದಲ್ಲಿ, ಸ್ಥಳದ ಅಕ್ಷಾಂಶದಷ್ಟೇ ಓರೆಯಾದ ಬೆಟ್ಟದ ಇಳಿಜಾರನ್ನು ಹುಡುಕಿ, ಗೋವಿಂದ ಸ್ವರೂಪರು 1970ರಲ್ಲಿ ಪೂರ್ಣಗೊಳಿಸಿದ 530 ಮೀಟರ್ ಉದ್ದ, 30 ಮೀಟರ್ ಅಗಲದ ದೂರದರ್ಶಕದಿಂದ, ರಾಮನ್ ಸಂಶೋಧನ ಮಂದಿರದ ಕೆ. ಆರ್. ಅನಂತರಾಮಯ್ಯನವರು ಆಕಾಶಗಂಗೆಯ ಸಮತಲದ ಉದ್ದಕ್ಕೂ ಬೇರೊಂದು ಗೆರೆಯನ್ನು ಅರಸಿದರು. ಬಿಡಿಯಾದ ಎಲೆಕ್ಟ್ರಾನು ಪ್ರೋಟಾನಿನೊಡನೆ ಪುನಃ ಕೂಡುವಾಗ ಒಮ್ಮೆಗೇ ಒಳಕ್ಕೆ ಬೀಳದೆ, ಅತ್ಯುನ್ನತ ಕಕ್ಷೆಗಳಿಂದ ಮೆಟ್ಟಲು ಮೆಟ್ಟಲಾಗಿ ಇಳಿಯುವುದುಂಟು. 273ನೆಯ ಕಕ್ಷೆಯಿಂದ 272ನೆಯದಕ್ಕೆ ಇಳಿಯುವಾಗ ಹೊರಡುವ ಅಲೆ 325 ಮೆಗಾಹರ್ಟ್ಸ್‌ನ ಸುತ್ತ ಬೀಳುವುದರಿಂದ ಉದಕಮಂಡಲದ ದೂರದರ್ಶಕಕ್ಕೆ ಅದು ಸರಿಹೊಂದಿತು. 1985ರ ಸುಮಾರಿಗೆ ಪ್ರಕಟವಾದ ಅವರ ಲೇಖನಗಳು, ಹೊಳೆಯುವ ನೀಹಾರಿಕೆಗಳ ಹೊರಗೆ ಅವುಗಳ ತೆಳುವಾದ ಮೇಲುಹೊದಿಕೆಗಳು ಬಹುದೂರ ಹಬ್ಬಿವೆಯೆಂದು ತೋರಿಸಿದವು. ಇದು ಬೆಳಕಿನ ಲೆಕ್ಕ, ನೆರಳಿನದಲ್ಲ. ಅನಂತರಾಮಯ್ಯನವರು 2001ರಲ್ಲಿ, ಇನ್ನೂ ಬಹಳ ಕೆಲಸ ಮಾಡಬಹುದಾಗಿದ್ದ ವಯಸ್ಸಿನಲ್ಲಿ, ತೀರಿಕೊಂಡರು.

ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿಯವರನ್ನೂ ಇಲ್ಲಿಯೇ ನೆನೆಯಬೇಕು. ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ, 1982ರಲ್ಲಿ, ಲಿಯೋ ಬ್ಲಿಟ್ಜ್ ಮತ್ತು ಕಾರ್ಲ್ ಹೈಲ್ಸ್‌ರೊಡನೆ ಆಕಾಶಗಂಗೆಯ ಹೊರವಲಯದ ಜಲಜನಕವನ್ನು ಪರಿಶೀಲಿಸಿ, ಸೂರ್ಯನ ಕಕ್ಷೆಯಾಚೆಗೂ ಸುರುಳಿಯ ರಚನೆ ಮುಂದುವರಿಯುವುದನ್ನು ಅವರು ವಿವರಿಸಿದರು. ಅದೇ ವರ್ಷ ಸೆಕೆಂಡಿಗೆ ನೂರಾರು ಬಾರಿ ತಿರುಗುವ ಪಲ್ಸಾರಿನ ಶೋಧದಲ್ಲಿ ಭಾಗಿಯಾಗಿ ಲೋಕಪ್ರಸಿದ್ಧರಾದುದರಿಂದ ಈ ಜಲಜನಕದ ಕೆಲಸ ಹಿಂದೆ ಸರಿಯಿತು. ಪುಣೆಯ ಬಳಿ ಖೋಡದಿನಲ್ಲಿ 45 ಮೀಟರಿನ ಮೂವತ್ತು ತಟ್ಟೆಗಳ ಮಹಾದೂರದರ್ಶಕ ತಲೆಯೆತ್ತಿದಾಗ, ಅದರಲ್ಲಿ 21 ಸೆಂಟಿಮೀಟರಿನ ಅಲೆಯನ್ನು ಹಿಡಿಯುವ ಗ್ರಾಹಕಗಳು ತಯಾರಾದದ್ದು ಬೆಂಗಳೂರಿನ ರಾಮನ್ ಸಂಶೋಧನ ಮಂದಿರದಲ್ಲಿ.

ಇಪ್ಪತ್ತೊಂದನೆಯ ಶತಮಾನದಲ್ಲಿ ಈ ಕಥೆ ಚಳ್ಳಕೆರೆಯ ಗಡಿಯ ಹತ್ತಿರಕ್ಕೆ ಬರುತ್ತದೆ. ವೇದಾವತಿ ನದಿ ಪರಶುರಾಂಪುರದ ಕಡೆಯಿಂದ ಹರಿದು ಪ್ರವೇಶಿಸುವ ಅನಂತಪುರ ಸೀಮೆ, ಮಳೆಯ ಅಭಾವದಲ್ಲಿಯೂ ಶೇಂಗಾದ ಹೊಲದಲ್ಲಿಯೂ ಈ ಎರಡು ತಾಲ್ಲೂಕುಗಳ ಒಡಹುಟ್ಟು. ಅಲ್ಲಿ ಚೆನ್ನೆಕೊತ್ತಪಲ್ಲಿಯ ಬಳಿ, ಬರಡಾಗಿದ್ದ ನೆಲವನ್ನು ಹಳ್ಳಿಯ ಜನರೊಡಗೂಡಿ ಕಾಡಾಗಿಸಿದ ಟಿಂಬಕ್ಟು ಸಂಘಟನೆಯ ಆವರಣದಲ್ಲಿ, ರಾಮನ್ ಸಂಶೋಧನ ಮಂದಿರದ ರವಿ ಸುಬ್ರಹ್ಮಣ್ಯನ್, ಉದಯಶಂಕರ್, ಸೌರಭ್ ಸಿಂಗ್ ಮೊದಲಾದವರು 'ಸಾರಸ್' ಎಂಬ ಸಣ್ಣ ಉಪಕರಣವನ್ನು ನೆಲದ ಮೇಲೆ ಹೂಡಿದರು. ಅವರು ಅರಸುತ್ತಿದ್ದುದು ಆಕಾಶಗಂಗೆಗಿಂತ ಬಹು ಹಿಂದಿನ, ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಜಲಜನಕವನ್ನು. ಆಗ 21 ಸೆಂಟಿಮೀಟರಾಗಿ ಹೊರಟ ಅಲೆ, ವಿಶ್ವವು ಹಿಗ್ಗಿದಂತೆ ತಾನೂ ಹಿಗ್ಗಿ, ಇಂದು ಹಲವು ಮೀಟರುಗಳ ಅಲೆಯಾಗಿ ಬರುತ್ತದೆ. ಬರುವುದು ನಮ್ಮ ಎಫ್.ಎಂ. ರೇಡಿಯೋ ಹಾಡುವ ಮತ್ತು ಅದರ ಕೆಳಗಿನ ಪಟ್ಟಿಯಲ್ಲಿ. ಪಟ್ಟಣವಿರುವಲ್ಲಿ ಅದನ್ನು ಆಲಿಸುವ ಮಾತೇ ಇಲ್ಲ. ಎಂಥ ವಿಜನಪ್ರದೇಶಕ್ಕೆ ಹೋದರೂ ಆಕಾಶಗಂಗೆಯ ಸ್ವಂತ ಕಾಂತಿ ಆ ಸೂಚನೆಗಿಂತ ಸಾವಿರಾರು ಪಟ್ಟು ಹೆಚ್ಚು. ಯಾವುದನ್ನು ನಕ್ಷೆ ಬರೆಯಲು ಮೂರು ತಲೆಮಾರಿನವರು ಹೆಣಗಿದರೋ ಅದೇ ಈಗ ಕಳೆದುಹಾಕಬೇಕಾದ ಅಡ್ಡಿಯಾಯಿತು.

2018ರ ಫೆಬ್ರುವರಿ 28ರಂದು, ಅಮೆರಿಕದ ತಂಡವೊಂದು ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯಲ್ಲಿ ಇಟ್ಟ 'ಎಡ್ಜಸ್' ಎಂಬ ಆಂಟೆನಾದಿಂದ ಈ ಸೂಚನೆಯನ್ನು ಕಂಡೆವೆಂದು ಸಾರಿತು: 78 ಮೆಗಾಹರ್ಟ್ಸ್‌ನಲ್ಲಿ, ಸುಮಾರು ಅರ್ಧ ಕೆಲ್ವಿನ್ ಆಳದ ಒಂದು ತಗ್ಗು. ವಿಶ್ವದ ಆದಿಯ ಬಿಸಿಯ ಮುಂದೆ ತಣ್ಣಗಿನ ಜಲಜನಕ ಬೀರಿದ ನೆರಳು ಎಂದು ಅದರ ಅರ್ಥ. ಆದರೆ ಸಿದ್ಧಾಂತವು ಒಪ್ಪಬಹುದಾದ ಆಳಕ್ಕಿಂತ ಅದು ಎರಡು ಪಟ್ಟಿನಷ್ಟು; ಹೊಸ ಭೌತವಿಜ್ಞಾನವೇ ಬೇಕಾದೀತೆಂದು ಪಂಡಿತರು ಪುಟಗಟ್ಟಲೆ ಬರೆದರು. ಬೆಂಗಳೂರಿನವರು ಬರೆಯುವುದಕ್ಕಿಂತ ಮೊದಲು ಮತ್ತೊಮ್ಮೆ ಅಳೆಯಲು ಹೊರಟರು. ಆಂಟೆನಾದ ಕೆಳಗಿನ ನೆಲ ಅವರ ಸಂದೇಹಕ್ಕೆ ಗುರಿಯಾಯಿತು: ಮಣ್ಣು, ಅದರಡಿ ಕಲ್ಲು, ನಡುವೆ ಒಂದೊಂದು ಕಡೆ ಒಂದೊಂದು ಬಗೆಯ ತೇವ; ಈ ಪದರಗಳಿಂದ ಮರಳಿ ಬರುವ ಅಲೆ ರೋಹಿತದಲ್ಲಿ ಸುಳ್ಳು ತಗ್ಗುಗಳನ್ನು ಮೂಡಿಸಬಲ್ಲುದು. ನೀರಿಗಾದರೋ ಪದರಗಳಿಲ್ಲ; ಎಲ್ಲೆಡೆಯೂ ಒಂದೇ ಗುಣ. ಆದುದರಿಂದ 'ಸಾರಸ್'ನ ಮೂರನೆಯ ರೂಪವನ್ನು ತೇಲುವ ತೆಪ್ಪದ ಮೇಲೆ ನಿಲ್ಲಿಸಿ, 2020ರ ಆರಂಭದ ತಿಂಗಳುಗಳಲ್ಲಿ, ಚಿಕ್ಕಬಳ್ಳಾಪುರ ಸೀಮೆಯ ದಂಡಿಗಾನಹಳ್ಳಿಯ ಕೆರೆಯಲ್ಲಿಯೂ, ಬಳಿಕ ಮಲೆನಾಡಿನಲ್ಲಿ ಶರಾವತಿಯ ಹಿನ್ನೀರಿನಲ್ಲಿಯೂ ತೇಲಬಿಟ್ಟರು. ಲಿಂಗನಮಕ್ಕಿಯ ಅಣೆಕಟ್ಟಿಗಾಗಿ ಊರು ಬಿಟ್ಟ ಜನರ ನೋವಿನಿಂದ ತುಂಬಿದ ಆ ಹಿನ್ನೀರು, ಯಾರೂ ಯೋಜಿಸದ ರೀತಿಯಲ್ಲಿ, ಆದಿಕಾಲದ ಜಲಜನಕವನ್ನು ಆಲಿಸುವ ಅತ್ಯಂತ ಮಟ್ಟಸವಾದ ನೆಲೆಯಾಯಿತು.

ಫಲಿತಾಂಶ ಹೊರಬಿದ್ದುದು 2022ರ ಫೆಬ್ರುವರಿ 28ರಂದು; ಹಿಂದಿನ ಘೋಷಣೆಯೂ ಇದೂ ರಾಮನ್ ಪರಿಣಾಮದ ದಿನವೇ ಹೊರಬಂದದ್ದು ಕಾಕತಾಳೀಯ, ಆದರೂ ಗಮನಿಸದೆ ಇರಲಾಗದು. ಎಡ್ಜಸ್ ಕಂಡ ತಗ್ಗು 'ಸಾರಸ್'ನ ಅಳತೆಯಲ್ಲಿ ಇರಲಿಲ್ಲ; ಅಂಥ ತಗ್ಗು ಆಕಾಶದಲ್ಲಿ ಇರಲಾರದೆಂದು ನೂರಕ್ಕೆ 95.3ರಷ್ಟು ನಿಶ್ಚಯದಿಂದ ಹೇಳಬಹುದಾಯಿತು. ನೆರಳನ್ನು ಹಿಡಿಯುವುದನ್ನು ಜಗತ್ತಿಗೆ ಕಲಿಸಿದವರಲ್ಲಿ ಒಬ್ಬರು ಬೆಳೆಸಿದ ಸಂಸ್ಥೆ, ಇಲ್ಲದ ನೆರಳನ್ನು ಇಲ್ಲವೆನ್ನುವುದರಲ್ಲಿ ತೋರಿದ ಈ ನಿಷ್ಠುರತೆ, ಕಂಡೆವೆಂದು ಸಾರುವ ಸಂಭ್ರಮಕ್ಕಿಂತ ಅಪರೂಪದ್ದೆಂದು ನಮ್ಮ ಎಣಿಕೆ. ನಿಜವಾದ ಸೂಚನೆ, ಇನ್ನೂ ಕ್ಷೀಣವಾದದ್ದು, ಇನ್ನೂ ಸಿಕ್ಕಬೇಕಾಗಿದೆ.

ಚಳ್ಳಕೆರೆಗೆ ಮರಳುವುದಾದರೆ, ಕುದಾಪುರದ ಸುತ್ತಣ ಅಮೃತಮಹಲ್ ಕಾವಲುಗಳು 2009ರಿಂದೀಚೆಗೆ ವಿಜ್ಞಾನದ ನಗರಿಯಾಗಿ ಮಾರ್ಪಟ್ಟಿವೆ. ಭಾರತೀಯ ವಿಜ್ಞಾನ ಮಂದಿರಕ್ಕೆ 1500 ಎಕರೆ ದೊರೆತು ಅದರ ಎರಡನೆಯ ಆವರಣ ಎದ್ದಿದೆ. ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಇಲಾಖೆಗಳಿಗೂ ಅಲ್ಲಿ ನೆಲ ಸಂದಿದೆ. ಮೈಸೂರು ಅರಸರ ಕಾಲದಿಂದ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು ಬೇಲಿಯೊಳಗೆ ಸೇರಿದುದನ್ನು ಕುರಿದನಗಳ ಒಡೆಯರು ಪ್ರತಿಭಟಿಸಿದರು, ಹಸಿರು ನ್ಯಾಯಪೀಠದ ಮೆಟ್ಟಿಲನ್ನೂ ಹತ್ತಿದರು. ವಿಜ್ಞಾನದ ಹಿರಿಮೆಯನ್ನು ಹೇಳುವವರು ಆ ತಕರಾರನ್ನು ಅಡಿಟಿಪ್ಪಣಿಗೆ ನೂಕುವುದು ಸಲ್ಲದು. ಅದೇ ವಿಜ್ಞಾನ ಮಂದಿರದ ನಿರುಪಮ್ ರಾಯ್‌ರವರು, ಅರ್ಣಬ್ ಚಕ್ರವರ್ತಿಯವರೊಡನೆ, ಖೋಡದಿನ ತಟ್ಟೆಗಳಿಂದ ಸುಮಾರು 880 ಕೋಟಿ ವರ್ಷಗಳ ಹಿಂದಿನ ನಕ್ಷತ್ರಸಮೂಹವೊಂದರ ಜಲಜನಕದ ಅಲೆಯನ್ನು ಹಿಡಿದ ಸುದ್ದಿ 2023ರ ಜನವರಿಯಲ್ಲಿ ಬಂತು. ನಡುವೆ ಅಡ್ಡ ಬಂದ ಮತ್ತೊಂದು ನಕ್ಷತ್ರಸಮೂಹದ ಗುರುತ್ವವೇ ಮಸೂರವಾಗಿ ಆ ಕ್ಷೀಣ ಅಲೆಯನ್ನು ಹಿಗ್ಗಿಸಿ ಕೊಟ್ಟಿತ್ತು.

ಈ ಕಾವಲುಗಳಲ್ಲೇ ಒಂದಾದ ಉಳ್ಳಾರ್ತಿಯಲ್ಲಿ, 2016ರಲ್ಲಿ, ಬಾಹ್ಯಾಕಾಶ ಸಂಸ್ಥೆಯವರು ಚಂದ್ರನ ಮೇಲ್ಮೈಯನ್ನು ಹೋಲುವಂತೆ ಕುಳಿಗಳನ್ನು ತೋಡಿಸಿ, ಅವುಗಳ ಮೇಲೆ ವಿಮಾನವನ್ನು ಹಾರಿಸಿ, ಚಂದ್ರಯಾನ-2ರ ಇಳಿಯುವ ನೌಕೆಯ ಸಂವೇದಕಗಳನ್ನು ಪರೀಕ್ಷಿಸಿದರು. ಆ ನೌಕೆ 2019ರಲ್ಲಿ ಇಳಿಯುವಾಗ ಅಪ್ಪಳಿಸಿತು. ಚಂದ್ರಯಾನ-3 ಮಾತ್ರ 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಭಾಗದಲ್ಲಿ ಸುರಕ್ಷಿತವಾಗಿ ಇಳಿಯಿತು. ರಾಮನ್ ಸಂಶೋಧನ ಮಂದಿರದವರು ಈಗ 'ಪ್ರತ್ಯುಷ್' ಎಂಬ ಯೋಜನೆಯನ್ನು ಮುಂದಿಟ್ಟುಕೊಂಡು, ಕೆರೆಯ ತೆಪ್ಪದಲ್ಲಿದ್ದ ಉಪಕರಣದ ವಂಶದ್ದೇ ಆದ ಒಂದನ್ನು ಚಂದ್ರನ ಸುತ್ತ ತಿರುಗಿಸುವ ಸಿದ್ಧತೆಯಲ್ಲಿದ್ದಾರೆ; ಚಂದ್ರನ ಹಿಂಬದಿಯಲ್ಲಿ ಹಾಯುವಾಗ ಭೂಮಿಯ ಎಫ್.ಎಂ. ಗದ್ದಲ ಚಂದ್ರನ ಮೈಯಿಂದಲೇ ಮರೆಯಾಗುವುದು. ಚಂದ್ರಯಾನ-3 ಇಳಿದದ್ದು ಭೂಮಿಗೆ ಕಾಣುವ ಪಕ್ಕದಲ್ಲಿ. ಜಲಜನಕವನ್ನು ಆಲಿಸುವವರಿಗೆ ಬೇಕಾದದ್ದು ಕಾಣದ ಪಕ್ಕ.